ರೆಸಿಡೆಂಟ್ ಈವಿಲ್ 4 ರೀಮೇಕ್: ಮೊದಲ ಹಳ್ಳಿಯೇ ದಾಟಲು ಆಗುತ್ತಿಲ್ಲ, ದಾರಿ ಹೇಳಿ

ಪೀಜಿ_ಪರದೇಸಿ:

ಎಲ್ಲರಿಗೂ ನಮಸ್ಕಾರ. ನ್ಯಾಷನಲ್ ಮಾರ್ಕೆಟ್‌ನಲ್ಲಿ ಸೆಕೆಂಡ್ ಹ್ಯಾಂಡ್ ಪಿಎಸ್4 ತಗೊಂಡೆ, ಜೊತೆಗೆ ಈ ಗೇಮಿನ ಡಿಸ್ಕ್, 2005ರ ಹಳೆಯ ಗೇಮನ್ನೇ ಹೊಸದಾಗಿ ಮಾಡಿದ್ದು. ಸ್ಟ್ಯಾಂಡರ್ಡ್ ಅನ್ನುವ ಮಧ್ಯಮ ಕಷ್ಟದ ಮೋಡ್‌ನಲ್ಲಿ ಆಡುತ್ತಿದ್ದೇನೆ. ಹಳ್ಳಿ ಚೌಕಕ್ಕೆ ಕಾಲಿಟ್ಟರೆ ಸಾಕು, ಊರಿಗೆ ಊರೇ ಮೈಮೇಲೆ ಬೀಳುತ್ತದೆ. ಪಿಸ್ತೂಲಿನ ಗುಂಡು ಖಾಲಿ. ಆಮೇಲೆ ತಲೆಗೆ ಚೀಲ ಹಾಕಿಕೊಂಡವನೊಬ್ಬ ಚೈನ್‌ಸಾ ಹಿಡಿದು ಬರುತ್ತಾನೆ, ಕುತ್ತಿಗೆ ಕಟ್. ಮೊಬೈಲ್‌ನಲ್ಲಿ ಶೂಟಿಂಗ್ ಗೇಮ್ ಆಡಿ ಬೆಳೆದವನು ನಾನು, ಗುರಿ ತಪ್ಪುವುದಿಲ್ಲ. ಆದರೂ ಬದುಕಲು ಆಗುತ್ತಿಲ್ಲ. ಇದರಲ್ಲಿ ಏನೋ ಲೆಕ್ಕಾಚಾರ ಬೇರೆ ಇದೆ ಅಲ್ವಾ? ಕಥೆ ಮಾತ್ರ ಹೇಳಬೇಡಿ ದಯವಿಟ್ಟು.

ರಾತ್ರಿಪಾಳಿ:

ಗುರು, ಗುರಿ ಚೆನ್ನಾಗಿರುವುದೇ ಇಲ್ಲಿ ಕೆಲವರಿಗೆ ತೊಂದರೆ ಕೊಡುತ್ತದೆ. ಕಂಡವರನ್ನೆಲ್ಲ ಹೊಡೆದು ಉರುಳಿಸಬೇಕು ಅನ್ನುವ ಅಭ್ಯಾಸ ಇರುತ್ತದೆ. ಆ ಹಳ್ಳಿಯಲ್ಲಿ ಎಲ್ಲರನ್ನೂ ಕೊಲ್ಲಬೇಕು ಅಂತ ಯಾರೂ ಹೇಳಿಲ್ಲ. ಸ್ವಲ್ಪ ಹೊತ್ತು ಜೀವ ಹಿಡಿದುಕೊಂಡಿದ್ದರೆ ಚರ್ಚಿನ ಗಂಟೆ ಹೊಡೆಯುತ್ತದೆ. ಅಷ್ಟೂ ಜನ ಕೈಲಿದ್ದದ್ದನ್ನು ಕೆಳಗೆ ಹಾಕಿ ಸುಮ್ನೆ ಹೊರಟುಹೋಗುತ್ತಾರೆ. ಗಂಟೆ ಹೊಡೆಯುವ ತನಕ ನಿಲ್ಲಬೇಡಿ, ಅಷ್ಟೇ.

ಸಂಜೆ ಆರು ಗಂಟೆಗೆ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಹೇಗೆ ನಡೆಯುತ್ತೀರಿ? ಗುಂಪಿನ ನಡುವೆ ನಿಂತರೆ ಮುಗೀತು, ಅಂಚು ಹಿಡಿದು ಸರಿಯುತ್ತಾ ಇರುತ್ತೀರಿ. ಇಲ್ಲೂ ಹಾಗೇ. ಮನೆಗಳ ಸುತ್ತ ದೊಡ್ಡ ಸುತ್ತು ಹಾಕಿ. ಹಿಂದೆ ಬರುವವರು ಸಾಲಾಗುತ್ತಾರೆ. ಆಗ ತಿರುಗಿ ಮುಂದಿನವನ ಮಂಡಿಗೆ ಒಂದು ಗುಂಡು. ಕುಸಿದು ಕೂತ ತಕ್ಷಣ ಹತ್ತಿರ ಹೋಗಿ ಒದೆ. ಒಂದು ಒದೆಗೆ ಪಕ್ಕದ ಇಬ್ಬರು ಮೂವರೂ ಬೀಳುತ್ತಾರೆ. ತಲೆಗೆ ಹೊಡೆದರೂ ತತ್ತರಿಸಿ ನಿಲ್ಲುತ್ತಾರೆ, ಆಗಲೂ ಒದೆಯಬಹುದು. ಆದರೆ ಓಡಿ ಬರುವವನ ತಲೆಗಿಂತ ಮಂಡಿ ಸುಲಭ. ಒದೆಗೆ ಗುಂಡಿನ ಖರ್ಚಿಲ್ಲ. ಇನ್ನೊಂದು ಲಾಭ: ಒದೆಯುವಾಗ ನಿಮಗೆ ಏಟು ತಾಗುವುದಿಲ್ಲ.

ಎರಡು ಮಹಡಿಯ ಮನೆಯೊಂದಿದೆ. ಅದರ ಮೇಲ್ಮಹಡಿಯ ಗೋಡೆಯಲ್ಲಿ ಶಾಟ್‌ಗನ್ ಇದೆ, ಬಿಡಬೇಡಿ. ಅಲ್ಲಿಗೆ ಹೋದರೆ ಚೈನ್‌ಸಾದವನು ಬರುತ್ತಾನೆ, ಬರಲಿ. ಶಾಟ್‌ಗನ್ ಎತ್ತಿಕೊಂಡು ಕಿಟಕಿಯಿಂದ ಹಾರಿ. ಗೋಪುರ ಹತ್ತಿ ಅಲ್ಲೇ ಕೂರೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಗೇಮ್ ಮಾಡಿದವರಿಗೂ ಅದು ಗೊತ್ತಿತ್ತು. ಹೆಚ್ಚು ಹೊತ್ತು ಕೂತರೆ ಅಟ್ಟ ಮುರಿದು ಕೆಳಗೆ ಬೀಳುತ್ತೀರಿ.

ಕೊಟ್ಟಿಗೆಯಲ್ಲಿ ಹಸುವಿನ ಹತ್ತಿರ ಲಾಟೀನು ನೇತಾಡುತ್ತಿರುತ್ತದೆ. ಅದಕ್ಕೆ ಗುಂಡು ಹಾರಿಸಿದರೆ ಬೆಂಕಿ ಹತ್ತಿದ ಹಸು ಗುಂಪಿನೊಳಗೆ ನುಗ್ಗುತ್ತದೆ. ಕೆಲಸ ಆಗುತ್ತದೆ, ಆದರೆ ನನ್ನ ಕೈಯಲ್ಲಿ ಅದು ಮಾಡಲು ಆಗುವುದಿಲ್ಲ. ನಿಮ್ಮಿಷ್ಟ.

ಹಾರ್ಡ್‌ಕೋರ್_ಹೈದ:

ಗಂಟೆ ಹೊಡೆಯೋ ತನಕ ಓಡುವುದು ಒಂದು ಆಟವಾ? ನಿಂತು ಹೊಡೀರಿ. ನಾನು ಮೊದಲ ಸಲವೇ ಇನ್ನೂ ಕಷ್ಟದ ಹಾರ್ಡ್‌ಕೋರ್ ಮೋಡ್‌ನಲ್ಲಿ ಮುಗಿಸಿದ್ದು. ಸ್ಟ್ಯಾಂಡರ್ಡ್‌ನಲ್ಲೇ ಕಷ್ಟ ಅಂದರೆ ಅಸಿಸ್ಟೆಡ್ ಮೋಡ್ ಇದೆಯಲ್ಲ, ಮಕ್ಕಳಿಗೆ ಅಂತಲೇ ಮಾಡಿದ್ದಾರೆ.

ಮೊಸರನ್ನ_ಮೇಡಂ:

ಹೈದ ಅವರೇ, ಮಕ್ಕಳಿಗೆ ಈ ಗೇಮೇ ಅಲ್ಲ, ಡಬ್ಬಿಯ ಮೇಲೆ ವಯಸ್ಸು ಬರೆದಿದ್ದಾರೆ ನೋಡಿ. ಅಸಿಸ್ಟೆಡ್‌ನಲ್ಲಿ ಗುರಿ ಹಿಡಿಯಲು ಸಹಾಯ ಸಿಗುತ್ತದೆ. ಹೆಲ್ತ್ ಒಂದು ಮಟ್ಟದ ತನಕ ತಾನಾಗಿ ತುಂಬುತ್ತದೆ, ಗೇಮಿನೊಳಗಿನ ಅಂಗಡಿಯಲ್ಲಿ ಬೆಲೆ ಕಡಿಮೆ. ಬೆಳಗ್ಗೆ ಒಂಬತ್ತಕ್ಕೆ ಸಿಲ್ಕ್ ಬೋರ್ಡ್ ದಾಟಬೇಕಾದ ಮನುಷ್ಯ ರಾತ್ರಿ ಒಂದು ಗಂಟೆ ಬಿಡುವು ಮಾಡಿಕೊಂಡು ಕೂತಿರುತ್ತಾನೆ. ಅವನು ಕಥೆ ನೋಡಲು ಅಸಿಸ್ಟೆಡ್ ಆರಿಸಿಕೊಂಡರೆ ಯಾರ ಗಂಟು ಹೋಯಿತು?

ಇನ್ನೊಂದು ವಿಷಯ. 2005ರ ಮೂಲ ಗೇಮಿನಲ್ಲೇ ನೀವು ಪದೇ ಪದೇ ಸತ್ತರೆ ಒಳಗೊಳಗೇ ಕಷ್ಟ ಕಡಿಮೆ ಆಗುತ್ತಿತ್ತು. ಚೆನ್ನಾಗಿ ಆಡಿದರೆ ಜಾಸ್ತಿ ಆಗುತ್ತಿತ್ತು. ತೆರೆಯ ಮೇಲೆ ಎಲ್ಲೂ ಹೇಳುತ್ತಿರಲಿಲ್ಲ. ಪಿಎಸ್2 ಕಾಲದಲ್ಲಿ ನಾವೆಲ್ಲ ಮುಗಿಸಿ ಮೆರೆದೆವಲ್ಲ, ಆ ಮೆರವಣಿಗೆಯಲ್ಲಿ ಗೇಮಿನ ಪಾಲೂ ಇತ್ತು.

ಹಾರ್ಡ್‌ಕೋರ್_ಹೈದ:

ಸರಿ ಮೇಡಂ, ಮೋಡ್ ವಿಷಯ ಬಿಡಿ. ಆದರೆ ಓಡುತ್ತಲೇ ಇದ್ದರೆ ಮುಂದೆ ಬಾಸ್, ಅಂದರೆ ದೊಡ್ಡ ಶತ್ರು, ಬಂದಾಗ ಏನು ಮಾಡ್ತಾರೆ?

ಪೀಜಿ_ಪರದೇಸಿ:

ಗಂಟೆ ಹೊಡೀತು! ರಾತ್ರಿಪಾಳಿ ಅಣ್ಣಾ, ದೊಡ್ಡ ಥ್ಯಾಂಕ್ಸ್. ಶಾಟ್‌ಗನ್ ಕೂಡ ಸಿಕ್ತು. ಈಗ ಹೊಸ ಸಮಸ್ಯೆ. ಚಾಕು ಮುರಿದುಹೋಗಿದೆ. ಚಾಕು ಮುರಿಯುವ ಗೇಮ್ ಇದೇ ಮೊದಲು ನೋಡ್ತಿರೋದು. ಬಿದ್ದವರು ಕೆಲವರು ಎದ್ದು, ತಲೆ ಸಿಡಿದು ಒಳಗಿಂದ ಏನೋ ಹೊರಗೆ ಬರುತ್ತದೆ. ಅದಕ್ಕೇನು ಮಾಡೋದು?

ಚಾಕು_ಸಾಣೆ:

ಇದು ನನ್ನ ಏರಿಯಾ. ರೀಮೇಕ್‌ನಲ್ಲಿ ಬದಲಾಗಿರುವುದರಲ್ಲಿ ಚಾಕುವೇ ಮುಖ್ಯ. ಮೂಲ ಗೇಮಿನಲ್ಲಿ ಲಿಯಾನ್, ಅಂದರೆ ನಾವು ಆಡಿಸುವ ನಾಯಕ, ಗುರಿ ಹಿಡಿದರೆ ಒಂದು ಹೆಜ್ಜೆ ಇಡಲೂ ಆಗುತ್ತಿರಲಿಲ್ಲ, ಆದರೆ ಚಾಕು ಮಾತ್ರ ಯಾವತ್ತೂ ಸವೆಯುತ್ತಿರಲಿಲ್ಲ. ಈಗ ಗುರಿ ಹಿಡಿದುಕೊಂಡೇ ನಡೆಯಬಹುದು, ಬದಲಿಗೆ ಚಾಕುವಿಗೆ ಆಯಸ್ಸು ಇಟ್ಟಿದ್ದಾರೆ. ಮುರಿದರೆ ಅಂಗಡಿಯವನ ಹತ್ತಿರ ದುಡ್ಡು ಕೊಟ್ಟು ರಿಪೇರಿ ಮಾಡಿಸಿ. ದಾರಿಯಲ್ಲಿ ಸಿಗುವ ಅಡುಗೆಮನೆ ಚಾಕು, ಬೂಟ್ ಚಾಕುಗಳಿಗೆ ರಿಪೇರಿ ಇಲ್ಲ, ಸವೆದರೆ ಹೋಯಿತು. ಅವನ್ನು ಕೂಡಿಡಬೇಡಿ, ಬಳಸಿಬಿಡಿ.

ಚಾಕುವಿನ ಆಯಸ್ಸು ಎಲ್ಲಿ ಖರ್ಚು ಮಾಡಬೇಕು ಅನ್ನುವುದೇ ಇಡೀ ಗೇಮ್. ನನ್ನ ಪ್ರಕಾರ ಬಿದ್ದವನನ್ನು ಮುಗಿಸಲು ಮೊದಲ ಪಾಲು. ನೆಲದಲ್ಲಿ ಬಿದ್ದು ಒದ್ದಾಡುತ್ತಿರುವವನನ್ನು ನೋಡಿ. ಮೈ ವಿಚಿತ್ರವಾಗಿ ಸೆಟೆಯುತ್ತಿದ್ದರೆ ಒಳಗಿನ ಪ್ಲಾಗಾ ಅನ್ನುವ ಪರಾವಲಂಬಿ ಹೊರಬರಲು ಹೊರಟಿದೆ ಅಂತ ಅರ್ಥ. ಆಗಲೇ ಹತ್ತಿರ ಹೋಗಿ ಚುಚ್ಚಿದರೆ ಕಥೆ ಅಲ್ಲಿಗೇ ಮುಗಿಯುತ್ತದೆ. ಬಿಟ್ಟರೆ ಆಮೇಲೆ ಅದಕ್ಕೆ ಅರ್ಧ ಮ್ಯಾಗಜೀನ್ ಬೇಕು. ಹೊರಗೆ ಬಂದೇಬಿಟ್ಟರೆ ಫ್ಲ್ಯಾಶ್ ಗ್ರೆನೇಡ್ ಎಸೆಯಿರಿ, ಹಳ್ಳಿಯಲ್ಲಿ ಕಾಣುವ ಜಾತಿಯ ಪ್ಲಾಗಾಗೆ ಬೆಳಕು ಅಂದರೆ ಯಮ. ಅದಕ್ಕೇ ಅವು ಕತ್ತಲಾದ ಮೇಲೆ ಬರುವುದು.

ಎರಡನೇ ಪಾಲು ತಡೆಯಲು. ಏಟು ಬೀಳುವ ಹೊತ್ತಿಗೆ ಎಲ್1 ಒತ್ತಿದರೆ ಚಾಕು ಅಡ್ಡ ಬರುತ್ತದೆ. ಸರಿಯಾದ ಕ್ಷಣಕ್ಕೆ ಒತ್ತಿದರೆ ಎದುರಿನವನು ತತ್ತರಿಸುತ್ತಾನೆ, ಕೂಡಲೇ ಒದೆಯಬಹುದು. ಎಸೆದ ಕೊಡಲಿಯನ್ನೂ ಹೀಗೇ ತಡೆಯಬಹುದು. ನಂಬಲ್ಲ ನೀವು, ಚೈನ್‌ಸಾವನ್ನೂ ತಡೆಯಬಹುದು. ಅದಕ್ಕೆ ಚಾಕುವಿನ ಆಯಸ್ಸು ಬಹಳ ಹೋಗುತ್ತದೆ, ಆದರೆ ಕುತ್ತಿಗೆ ಉಳಿಯುತ್ತದೆ. ಪಿಸ್ತೂಲು ಹಿಡಿದಿದ್ದಾಗಲೂ ಎಲ್1 ಕೆಲಸ ಮಾಡುತ್ತದೆ, ಬೇರೆ ಬಟನ್ ಹುಡುಕಬೇಕಿಲ್ಲ.

ಒಂದು ಅಭ್ಯಾಸ ಮಾಡಿ. ಒಬ್ಬನೇ ಸಿಕ್ಕಾಗ ಗುಂಡು ಹಾರಿಸಬೇಡಿ. ಅವನ ಭುಜ ನೋಡಿ. ಕೈ ಹಿಂದಕ್ಕೆ ಹೋಗಿ ಮುಂದಕ್ಕೆ ಬರುವಾಗ ಒತ್ತಿ. ಆಯುಧ ನೋಡುತ್ತಾ ಕೂತರೆ ತಡವಾಗುತ್ತದೆ.

ಕೋಳಿಮೊಟ್ಟೆ:

ಚಾಕು ಬಗ್ಗೆ ಇಷ್ಟು ಬರೆದವರು ದುಡ್ಡಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಸಾಮಾನು ಇಡುವ ಪೆಟ್ಟಿಗೆಯಲ್ಲಿ ಜಾಗ ಇಲ್ಲ ಅಂತ ಸಿಕ್ಕಿದ ನಿಧಿಯನ್ನು ಕೂಡಲೇ ಮಾರಬೇಡಿ. ಮೊದಲನೆಯದಾಗಿ ನಿಧಿಗೆ ಆ ಪೆಟ್ಟಿಗೆಯಲ್ಲಿ ಜಾಗವೇ ಬೇಕಿಲ್ಲ. ಮುಖವಾಡ, ದೀಪ, ಕಿರೀಟದಂಥವುಗಳಲ್ಲಿ ಹರಳು ಕೂರಿಸಲು ತೂತುಗಳಿರುತ್ತವೆ. ಬೇರೆ ಬೇರೆ ಬಣ್ಣದ ಹರಳು ಕೂರಿಸಿದಷ್ಟೂ ಬೆಲೆ ಏರುತ್ತದೆ. 5 ತೂತಿಗೆ 5 ಬಣ್ಣ ಹಾಕಿದರೆ ಎರಡು ಪಟ್ಟು. ಸ್ಪಿನೆಲ್ ಅನ್ನುವ ಕೆಂಪು ಕಲ್ಲು ಮಾತ್ರ ಮಾರುವುದಕ್ಕಲ್ಲ, ಅಂಗಡಿಯವನ ಹತ್ತಿರ ಅದಕ್ಕೆ ಬೇರೆ ಸಾಮಾನು ಬದಲಾಯಿಸಿಕೊಳ್ಳಬಹುದು.

ಖರ್ಚು ಹೇಗೆ? ಹೊಸ ಗನ್ ಕಂಡ ಕಡೆಯೆಲ್ಲ ಕೊಳ್ಳುವ ಚಪಲ ಬರುತ್ತದೆ. ಒಂದು ಪಿಸ್ತೂಲು, ಒಂದು ಶಾಟ್‌ಗನ್, ಒಂದು ರೈಫಲ್ ಇಟ್ಟುಕೊಂಡು ಅವಕ್ಕೇ ಪವರ್ ಹಾಕಿಸಿ. ಗೇಮ್ ಹೆಚ್ಚಾಗಿ ನಿಮ್ಮ ಹತ್ತಿರ ಇರುವ ಗನ್‌ಗೆ ತಕ್ಕ ಗುಂಡನ್ನೇ ಕೊಡುತ್ತದೆ. ಹತ್ತು ಥರದ ಗನ್ ಹೊತ್ತರೆ ಹತ್ತಕ್ಕೂ ನಾಲ್ಕು ನಾಲ್ಕು ಗುಂಡು, ಯಾವುದೂ ಸಾಲುವುದಿಲ್ಲ. ಬಾಣದಂಥ ಬೋಲ್ಟ್ ಹಾರಿಸುವ ಬೋಲ್ಟ್ ಥ್ರೋವರ್ ಮಾತ್ರ ನನ್ನ ಪಾಲಿಗೆ ಬಂಗಾರ. ಶಬ್ದ ಮಾಡುವುದಿಲ್ಲ, ಹೊಡೆದ ಬೋಲ್ಟ್ ಹೋಗಿ ಎತ್ತಿಕೊಳ್ಳಬಹುದು. ಕೋಟೆ ಸೇರಿದ ಮೇಲೆ ಬಾಡಿ ಆರ್ಮರ್ ಸಿಗುತ್ತದೆ, ಅದನ್ನು ಬಿಡಬೇಡಿ.

ಗಿಡಮೂಲಿಕೆ ವಿಷಯ ಎಲ್ಲರಿಗೂ ಗೊತ್ತಿರುತ್ತದೆ: ಹಸಿರಿಗೆ ಕೆಂಪು ಸೇರಿಸಿದರೆ ಪೂರ್ತಿ ಹೆಲ್ತ್. ಹಳದಿ ಸಿಕ್ಕರೆ ಬೇಗ ಸೇರಿಸಿ ತಿನ್ನಿ, ಹೆಲ್ತ್‌ನ ಮಿತಿಯೇ ಏರುತ್ತದೆ. ಕೆಲವರು ಅದನ್ನು ಕೊನೆಯ ತನಕ ಎತ್ತಿಟ್ಟುಕೊಂಡು ಕೂರುತ್ತಾರೆ, ಯಾಕೋ.

ಪೀಜಿ_ಪರದೇಸಿ:

ಇದೆಲ್ಲ ಸರಿ. ಒಂದು ನಾಚಿಕೆಗೆಟ್ಟ ಪ್ರಶ್ನೆ. ನನಗೆ ಭಯ ಆಗುತ್ತದೆ. ರೂಮ್‌ಮೇಟ್ ಊರಿಗೆ ಹೋಗಿದ್ದಾನೆ. ರಾತ್ರಿ ಆಡುವಾಗ ಸೌಂಡ್ ಮ್ಯೂಟ್ ಮಾಡಿಬಿಡುತ್ತೇನೆ. ಪರವಾಗಿಲ್ಲ ತಾನೇ?

ರಾತ್ರಿಪಾಳಿ:

ಮ್ಯೂಟ್ ಮಾಡಿದರೆ ಭಯ ಕಡಿಮೆ, ಸಾವು ಜಾಸ್ತಿ. ಈ ಗೇಮ್ ಅರ್ಧ ಕಿವಿಯಲ್ಲೇ ಆಡುವುದು. ಕ್ಯಾಮೆರಾ ಲಿಯಾನ್‌ನ ಭುಜದ ಹಿಂದೆ ಅಂಟಿಕೊಂಡಿದೆ, ಬೆನ್ನ ಹಿಂದೆ ಏನಿದೆ ಅಂತ ಕಾಣುವುದಿಲ್ಲ. ಕೇಳಿಸುತ್ತದೆ. ಚೈನ್‌ಸಾ ಎಷ್ಟು ದೂರದಲ್ಲಿದೆ ಅಂತ ಅದರ ಸದ್ದೇ ಹೇಳುತ್ತದೆ. ಡೈನಮೈಟ್‌ನ ಬತ್ತಿ ಸುಸ್ಸ್ ಅನ್ನುತ್ತದೆ. ಅದು ಕೇಳಿದರೆ ಯಾರ ಕೈಯಲ್ಲಿದೆ ಅಂತ ಹುಡುಕಿ, ಆ ಕೈಗೇ ಹೊಡೆಯಿರಿ. ಅವನ ಜೊತೆ ಪಕ್ಕದವರೂ ಹೋಗುತ್ತಾರೆ. ಹಳ್ಳಿಯವರು ಸ್ಪ್ಯಾನಿಷ್‌ನಲ್ಲಿ ಕೂಗುತ್ತಾರೆ. ಭಾಷೆ ಗೊತ್ತಾಗದಿದ್ದರೂ ಕೂಗು ಎಡದಿಂದ ಬಂತಾ ಬಲದಿಂದ ಬಂತಾ ಅನ್ನುವುದು ಗೊತ್ತಾದರೆ ಸಾಕು.

ಮುಂದೆ ದ್ವೀಪದಲ್ಲಿ ಒಂದು ಪ್ರಾಣಿ ಸಿಗುತ್ತದೆ, ಹೆಸರು ಬೇಡ. ಅದು ಬರುವ ಮುಂಚೆ ಉಸಿರಾಟ ಕೇಳಿಸುತ್ತದೆ. ಒದ್ದೆ ಒದ್ದೆಯಾದ, ಎಳೆದು ಎಳೆದು ಬಿಡುವ ಉಸಿರು. ಕಾರಿಡಾರ್ ಖಾಲಿ ಇರುತ್ತದೆ, ಉಸಿರು ಮಾತ್ರ ಬರುತ್ತಾ ಇರುತ್ತದೆ. ಅಲ್ಲಿ ಮ್ಯೂಟ್ ಮಾಡಿದವನು ಬಾಗಿಲು ತೆಗೆದು ನೇರ ಅದರ ತೋಳಿಗೇ ಹೋಗುತ್ತಾನೆ.

ಭಯಕ್ಕೆ ಮದ್ದು ಬೇಕಿದ್ದರೆ ಲೈಟ್ ಹಾಕಿಕೊಂಡು ಆಡಿ. ವಾಲ್ಯೂಮ್ ಅರ್ಧಕ್ಕೆ ಇಳಿಸಿ. ಗೇಮ್ ಸೇವ್ ಮಾಡುವ ಟೈಪ್‌ರೈಟರ್ ಇರುವ ಕೋಣೆ ಸಿಕ್ಕರೆ ಅಲ್ಲಿ ಒಂದು ನಿಮಿಷ ಸುಮ್ನೆ ನಿಲ್ಲಿ, ಅಲ್ಲಿ ಬರುವ ಸಂಗೀತವೇ ಬೇರೆ.

ಮೊಸರನ್ನ_ಮೇಡಂ:

ಹೆಡ್‌ಫೋನ್ ಹಾಕಿಕೊಂಡರೆ ಪೀಜಿಯವರಿಗೂ ಒಳ್ಳೆಯದು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಚೈನ್‌ಸಾ ಸದ್ದು ಕೇಳಿ ಪಕ್ಕದ ಮನೆ ಅಜ್ಜಿ ಬೆಲ್ ಮಾಡಿ, "ಏನಮ್ಮಾ, ಇಷ್ಟು ಹೊತ್ತಲ್ಲಿ ಮಿಕ್ಸಿ ಹಾಕ್ತೀಯಲ್ಲ" ಅಂದರು. ದೀಪಾವಳಿ ವಾರದಲ್ಲಿ ಮಾತ್ರ ಆಡಬೇಡಿ, ಯಾವುದು ಡೈನಮೈಟ್ ಯಾವುದು ಲಕ್ಷ್ಮೀ ಪಟಾಕಿ ಗೊತ್ತಾಗುವುದಿಲ್ಲ.

ಎಸ್‌ಪಿ_ರೋಡ್_ಸಂತ:

ಭೂತಪ್ರೇತಕ್ಕಿಂತ ದೊಡ್ಡ ಅಪಾಯ ಈ ಊರಿನ ಕರೆಂಟ್. ಮಳೆಗಾಲದಲ್ಲಿ ಒಂದು ಮರದ ಕೊಂಬೆ ಬಿದ್ದರೆ ಸಾಕು. ಸ್ಟ್ಯಾಂಡರ್ಡ್‌ನಲ್ಲಿ ಆಟೋಸೇವ್ ಇದೆ, ಹೆಚ್ಚು ನಷ್ಟ ಆಗುವುದಿಲ್ಲ. ಆದರೂ ಟೈಪ್‌ರೈಟರ್ ಕಂಡ ಕಡೆ ಸೇವ್ ಮಾಡಿ, ಒಂದೇ ಜಾಗದಲ್ಲಿ ಬರೆಯದೆ ಎರಡು ಮೂರು ಜಾಗ ಬದಲಾಯಿಸುತ್ತಾ ಬನ್ನಿ. ಗೇಮ್ ಮುಗಿದ ಮೇಲೆ ಪ್ರೊಫೆಷನಲ್ ಅನ್ನುವ ಮೋಡ್ ತೆರೆಯುತ್ತದೆ. ಅದರಲ್ಲಿ ಆಟೋಸೇವ್ ಇಲ್ಲವೇ ಇಲ್ಲ. ಸತ್ತರೂ ಅಷ್ಟೇ, ಕರೆಂಟ್ ಹೋದರೂ ಅಷ್ಟೇ, ಕೊನೆಯ ಟೈಪ್‌ರೈಟರ್‌ನಿಂದ ಮತ್ತೆ ಶುರು.

ಮನೆಯಲ್ಲಿ ಇನ್ವರ್ಟರ್ ಇದೆ, ಆದರೂ ಕರೆಂಟ್ ಹೋದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ ಅಂತ ಅಂಗಡಿಗೆ ಬಹಳ ಜನ ಬರುತ್ತಾರೆ. ಹಲವು ಇನ್ವರ್ಟರ್‌ಗಳ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಇಕೋ ಮತ್ತು ಯುಪಿಎಸ್ ಅಂತ ಎರಡು ಕಡೆ. ಇಕೋದಲ್ಲಿದ್ದರೆ ಬ್ಯಾಟರಿಗೆ ಬದಲಾಗುವುದು ನಿಧಾನ. ಫ್ಯಾನು ಲೈಟಿಗೆ ಗೊತ್ತಾಗುವುದಿಲ್ಲ, ಕಂಪ್ಯೂಟರ್ ಅಷ್ಟರಲ್ಲಿ ಆರಿರುತ್ತದೆ. ಯುಪಿಎಸ್ ಕಡೆ ತಳ್ಳಿ ನೋಡಿ. ಹೊಸ ಸಾಮಾನು ಕೊಳ್ಳುವ ಮುಂಚೆ ಈ ಸ್ವಿಚ್ ನೋಡುವುದು ಒಳ್ಳೆಯದು, ನನ್ನ ವ್ಯಾಪಾರಕ್ಕೆ ಒಳ್ಳೆಯದಲ್ಲದಿದ್ದರೂ.

ಹಾರ್ಡ್‌ಕೋರ್_ಹೈದ:

ಪ್ರೊಫೆಷನಲ್‌ನಲ್ಲಿ ಇನ್ನೊಂದು ಸಂಕಟ ಇದೆ. ಚಾಕು ಅಡ್ಡ ಹಿಡಿಯುವುದು ಸರಿಯಾದ ಕ್ಷಣಕ್ಕೆ ಬಿದ್ದರೆ ಮಾತ್ರ ಲೆಕ್ಕ. ಸ್ವಲ್ಪ ಮುಂಚೆ ಒತ್ತಿದರೂ ಏಟು ಬಿತ್ತು ಅಂತಲೇ. ಸಾಣೆ ಅಣ್ಣ ಹೇಳಿದ ಭುಜ ನೋಡುವ ಉಪಾಯ ಅಲ್ಲಿ ನನಗೂ ಕೆಲಸಕ್ಕೆ ಬಂತು, ಒಪ್ಪುತ್ತೇನೆ.

ಪೀಜಿ_ಪರದೇಸಿ:

ಹೆಡ್‌ಫೋನ್ ಹಾಕಿ ಆಡಿದೆ. ಭಯ ಜಾಸ್ತಿ ಆಯ್ತು, ಸಾಯುವುದು ನಿಜಕ್ಕೂ ಕಡಿಮೆ ಆಯ್ತು. ಲಿಯಾನ್ ಹುಡುಕಿಕೊಂಡು ಬಂದ ಹುಡುಗಿ ಆಶ್ಲಿ ಸಿಕ್ಕಿದ್ದಾಳೆ. ಈಗ ನನ್ನ ಜೊತೆ ಅವಳನ್ನೂ ಉಳಿಸಬೇಕು. ನಮ್ಮ ಕಡೆ ನಿಂತು ಹೊಡೆದಾಡುವ ಲೂಯಿಸ್ ಜೊತೆ ಒಂದು ಮರದ ಮನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ನಾಲ್ಕೂ ಕಡೆಯಿಂದ ನುಗ್ಗುತ್ತಿದ್ದಾರೆ. ಇನ್ನು ಮುಂದೆ ಏನೇನು ಬರುತ್ತೆ ಅಂತ ಸ್ವಲ್ಪ ಹೇಳಿ, ಈಗ ಸ್ಪಾಯ್ಲರ್ ಆದರೂ ಪರವಾಗಿಲ್ಲ.

ಚಾಕು_ಸಾಣೆ:

ಆ ಮನೆಯಲ್ಲಿ ಮೊದಲ ಕೆಲಸ ಕಿಟಕಿ ಮುಚ್ಚುವುದು. ಪೂರ್ತಿ ತಡೆಯುವುದಿಲ್ಲ, ಸಮಯ ಕೊಡುತ್ತದೆ. ಮೂಲೆಯಲ್ಲಿ ನಿಲ್ಲಬೇಡಿ. ಲೂಯಿಸ್ ಆಗಾಗ ಗುಂಡು ಕೊಡುತ್ತಾನೆ, ಅವನ ಹತ್ತಿರದಲ್ಲೇ ಇರಿ.

ಆಶ್ಲಿಗೆ ಮೂಲ ಗೇಮಿನ ಹಾಗೆ ಹೆಲ್ತ್ ಪಟ್ಟಿ ಇಲ್ಲ, ಗಿಡಮೂಲಿಕೆ ಖರ್ಚಿಲ್ಲ. ಏಟು ಬಿದ್ದು ಕುಸಿದರೆ ಹೋಗಿ ಎಬ್ಬಿಸಬೇಕು. ಎತ್ತಿಕೊಂಡು ಓಡುವವನು ಬಾಗಿಲು ದಾಟಿದರೆ ಮುಗೀತು. ಅವನ ಕಾಲಿಗೆ ಹೊಡೆಯಿರಿ, ತಲೆಗೆ ಹೊಡೆಯಲು ಹೋಗಿ ಅವಳಿಗೇ ಹೊಡೆದೀರಿ. ಆರ್3 ಒತ್ತಿದರೆ ಅವಳು ದೂರ ಸರಿಯುತ್ತಾಳೆ, ಮತ್ತೆ ಒತ್ತಿದರೆ ಹತ್ತಿರ ಬರುತ್ತಾಳೆ. ಇಕ್ಕಟ್ಟಿನ ಕೋಣೆಯಲ್ಲಿ ದೂರ ಕಳಿಸಿ, ಬಯಲಿನಲ್ಲಿ ಹತ್ತಿರ ಇಟ್ಟುಕೊಳ್ಳಿ.

ಕೋಟೆಯ ನೆಲಮಾಳಿಗೆಯಲ್ಲಿ ಗರಾಡೋರ್ ಇದ್ದಾನೆ. ಕುರುಡ, ಕೈಯಲ್ಲಿ ಉದ್ದ ಉದ್ದ ಉಗುರು. ಅವನಿಗೆ ಕಾಣುವುದಿಲ್ಲ, ಎಲ್ಲ ಕೇಳಿಸುತ್ತದೆ. ಓಡಬೇಡಿ, ಬಗ್ಗಿ ನಿಧಾನ ನಡೆಯಿರಿ. ಅಲ್ಲಿ ಗಂಟೆಗಳು ನೇತಾಡುತ್ತಿರುತ್ತವೆ. ಒಂದಕ್ಕೆ ಗುಂಡು ಹಾರಿಸಿದರೆ ಅವನು ಅದರ ಮೇಲೆ ನುಗ್ಗುತ್ತಾನೆ, ಬೆನ್ನು ನಿಮ್ಮ ಕಡೆ ತಿರುಗುತ್ತದೆ. ಅವನ ಜೀವ ಇರುವುದು ಬೆನ್ನಿನ ಪ್ಲಾಗಾದಲ್ಲಿ.

ಕೋಟೆಯ ಕೆಳಗಿನ ಕಾಲುವೆಯಲ್ಲಿ ವೆರ್ಡುಗೋ ಅನ್ನುವ ರಾಕ್ಷಸ ಬರುತ್ತಾನೆ. ಅವನನ್ನು ಕೊಲ್ಲಲೇಬೇಕು ಅಂತಿಲ್ಲ, ಲಿಫ್ಟ್ ಬರುವ ತನಕ ತಪ್ಪಿಸಿಕೊಂಡರೂ ಆಯಿತು. ಅಲ್ಲಿರುವ ದ್ರವ ನೈಟ್ರೋಜನ್ ಅವನ ಮೈಮೇಲೆ ಬೀಳುವ ಹಾಗೆ ಮಾಡಿದರೆ ಹೆಪ್ಪುಗಟ್ಟಿ ನಿಲ್ಲುತ್ತಾನೆ. ಹೆಪ್ಪುಗಟ್ಟಿದಾಗ ಮಾತ್ರ ಹೊಡೆಯಿರಿ, ಉಳಿದ ಹೊತ್ತು ಗುಂಡು ದಂಡ.

ರಾತ್ರಿಪಾಳಿ ಹೇಳಿದ ಉಸಿರಿನ ಪ್ರಾಣಿ ರೀಜೆನರೇಟರ್. ಕೈ ಕಾಲು ಹಾರಿದರೂ ಮತ್ತೆ ಬೆಳೆಯುತ್ತದೆ. ದ್ವೀಪದ ಫ್ರೀಜರ್ ಕೋಣೆಯಲ್ಲಿ ಬಯೋಸೆನ್ಸರ್ ಸ್ಕೋಪ್ ಸಿಗುತ್ತದೆ, ರೈಫಲ್‌ಗೆ ಹಾಕಿ ನೋಡಿದರೆ ಮೈಯೊಳಗಿನ ಪರಾವಲಂಬಿಗಳು ಕಾಣುತ್ತವೆ. ಅವನ್ನು ಒಂದೊಂದಾಗಿ ಹೊಡೆಯಬೇಕು. ಹತ್ತಿರ ಬಂದರೆ ಕಾಲಿಗೆ ಹೊಡೆದು ಬೀಳಿಸಿ, ಹಿಂದೆ ಸರಿದು, ಮತ್ತೆ ಸ್ಕೋಪ್. ಅಲ್ಲಿಗೆ ಹೋಗುವ ಮುಂಚೆ ರೈಫಲ್ ಗುಂಡು ಕೂಡಿಟ್ಟುಕೊಂಡಿರಿ.

ಹಾರ್ಡ್‌ಕೋರ್_ಹೈದ:

ಬಾಸ್ ಕಷ್ಟ ಆದರೆ ರಾಕೆಟ್ ಲಾಂಚರ್ ಕೊಳ್ಳಬಹುದು. ದುಬಾರಿ, ಒಂದೇ ಸಲ ಹಾರುತ್ತದೆ. ನನಗೆ ಇಷ್ಟ ಇಲ್ಲ, ಆದರೆ ಇದೆ ಅಂತ ಹೇಳಿದೆ. ಮೇಡಂ ಬೈಯುವ ಮುಂಚೆ.

ಕೋಳಿಮೊಟ್ಟೆ:

ಕೋಟೆಯ ಬಾಸ್ ಸಲಜಾರ್‌ಗೆ ರಾಕೆಟ್ ದಂಡ. ಚಿನ್ನದ ಕೋಳಿಮೊಟ್ಟೆ ಸಿಕ್ಕಿದ್ದರೆ ತಿನ್ನಬೇಡಿ, ಎತ್ತಿಡಿ. ಅವನ ಮೇಲೆ ಎಸೆಯಿರಿ. ಜೋಕ್ ಮಾಡ್ತಿಲ್ಲ, ಅವನ ಹೆಲ್ತ್‌ನಲ್ಲಿ ದೊಡ್ಡ ಪಾಲು ಒಂದೇ ಏಟಿಗೆ ಹೋಗುತ್ತದೆ. ನನ್ನ ಹೆಸರು ಸುಮ್ನೆ ಇಟ್ಟುಕೊಂಡಿದ್ದಲ್ಲ.

ಪೀಜಿ_ಪರದೇಸಿ:

ಮೊಟ್ಟೆ ಎಸೆದೆ. ಬಿದ್ದು ಬಿದ್ದು ನಕ್ಕೆ, ಹೆಡ್‌ಫೋನ್ ಹಾಕಿದ್ದರಿಂದ ನಾನು ಎಷ್ಟು ಜೋರಾಗಿ ನಗುತ್ತಿದ್ದೇನೆ ಅಂತಲೂ ಗೊತ್ತಾಗಲಿಲ್ಲ, ಪೀಜಿ ಅಂಕಲ್ ಬಂದು ಬಾಗಿಲು ತಟ್ಟಿದರು. ನಿನ್ನೆ ರಾತ್ರಿ ಇಡೀ ಗೇಮ್ ಮುಗೀತು. ರಾಕೆಟ್ ಕೊಳ್ಳಲಿಲ್ಲ. ಹೈದ ಅವರೇ, ಗಮನಿಸಿ. ಈಗ ಮುಂದೆ ಏನು ಆಡಲಿ?

ರಾತ್ರಿಪಾಳಿ:

ಭಲೇ! ದುಡ್ಡು ಖರ್ಚು ಮಾಡಬೇಡಿ ಇನ್ನೂ. ಮರ್ಸಿನರೀಸ್ ಮೋಡ್ ಉಚಿತ, 2023ರ ಏಪ್ರಿಲ್‌ನಲ್ಲೇ ಬಿಟ್ಟಿದ್ದಾರೆ. ಅಲ್ಲಿ ಓಡುವವನಿಗೆ ಜಾಗ ಇಲ್ಲ, ಗಡಿಯಾರ ಓಡುತ್ತಿರುತ್ತದೆ, ನೀವು ಹೊಡೆಯಬೇಕು. ಹೈದನಿಗೆ ಹೇಳಿ ಮಾಡಿಸಿದ್ದು. ನಿಮ್ಮ ಗನ್‌ಗಳನ್ನೆಲ್ಲ ಇಟ್ಟುಕೊಂಡೇ ಮತ್ತೆ ಮೊದಲಿಂದ ಆಡಬೇಕಿದ್ದರೆ ನ್ಯೂ ಗೇಮ್ ಪ್ಲಸ್ ಇದೆ. ಎಸ್ ಪ್ಲಸ್ ಅನ್ನುವ ಅತಿ ಮೇಲಿನ ರ‍್ಯಾಂಕ್ ಆಸೆ ಇದ್ದರೆ ಮಾತ್ರ ಅದು ಬೇಡ, ಆ ರ‍್ಯಾಂಕ್‌ಗೆ ಬರಿಗೈಯಲ್ಲಿ ಹೊಸದಾಗಿ ಶುರು ಮಾಡಬೇಕು.

ಮೊಸರನ್ನ_ಮೇಡಂ:

ಈ ಗೇಮಿಗೇ ಆಮೇಲೆ ಬಂದ ಹೆಚ್ಚುವರಿ ಭಾಗ ಸೆಪರೇಟ್ ವೇಸ್ ಆಡಿ. ಅದಕ್ಕೆ ದುಡ್ಡು ಕೊಡಬೇಕು, ಆದರೆ ಪೂರ್ತಿ ಗೇಮಿನ ಬೆಲೆ ಅಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬಂತು. ಇದೇ ಕಥೆ ಏಡಾ ವಾಂಗ್ ಅನ್ನುವ ಇನ್ನೊಂದು ಪಾತ್ರದ ಕಡೆಯಿಂದ. ಅವಳ ಹತ್ತಿರ ಕೊಕ್ಕೆ ಹಾರಿಸುವ ಗನ್ ಇದೆ, ತತ್ತರಿಸಿದವನು ದೂರದಲ್ಲಿದ್ದರೂ ಕೊಕ್ಕೆ ಸಿಕ್ಕಿಸಿ ಹಾರಿ ಹೋಗಿ ಒದೆಯಬಹುದು. ಮಂಡಿಗೆ ಹೊಡೆಯುವ ಪಾಠ ಅಲ್ಲೂ ನಡೆಯುತ್ತದೆ, ಹತ್ತಿರ ಓಡುವ ಕೆಲಸ ಮಾತ್ರ ತಪ್ಪುತ್ತದೆ.

ಪೀಜಿ_ಪರದೇಸಿ:

ಡಿಸ್ಕ್ ಸೆಕೆಂಡ್ ಹ್ಯಾಂಡ್ ಆದರೂ ಅದು ನಡೆಯುತ್ತಾ?

ಎಸ್‌ಪಿ_ರೋಡ್_ಸಂತ:

ನಡೆಯುತ್ತದೆ. ಡಿಸ್ಕ್ ಯಾವ ದೇಶದ್ದು ಅಂತ ಡಬ್ಬಿ ಹಿಂದೆ ನೋಡಿ, ಸ್ಟೋರ್ ಅಕೌಂಟ್ ಬೇರೆ ದೇಶದ್ದಾಗಿದ್ದರೆ ಕೊಂಡ ಡಿಎಲ್‌ಸಿ, ಅಂದರೆ ಇಂಥ ಹೆಚ್ಚುವರಿ ಭಾಗ, ಹೊಂದದೆ ಇರಬಹುದು. ಎರಡೂ ಒಂದೇ ಕಡೆಯದ್ದಾದರೆ ತಲೆನೋವಿಲ್ಲ. ಕೊಳ್ಳುವ ಮುಂಚೆ ಇದೊಂದು ನೋಡಿಬಿಡಿ.